ಶೀಸಮ್ಮಿನ ಹತ್ತೊಂಬತ್ತು ಬಾಲಗಳು

೧೯೮೬ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಇಯತ್ತೆಯ ಪರೀಕ್ಷೆಗೆ ಇನ್ನೂ ಹದಿನೈದು ದಿನ ಇತ್ತು. ಇಂದಾಪುರದ ಕಡೆ ಕಬ್ಬಿನ ಹಂಗಾಮು ಜೋರಾಗಿ ನಡೆದಿತ್ತು. ಗಾಡಿಗಳ ಗಾಲಿ ಮುರಿಯುತ್ತಿದ್ದವು, ಬಡಿಗತನ ಮಾಡುತ್ತಿದ್ದ ಅಪ್ಪನಿಗೆ ತನ್ನ ಎರಡು ಕೈ ಸಾಲುತ್ತಿರಲಿಲ್ಲ. "ಪರೀಕ್ಷಾ ಮುಂದಿನ ವರ್ಷನೂ ಬರ್ತೈತಿ, ಈ ಹಂಗಾಮು ಬರೂದಿಲ್ಲ" ಎಂದು ಬಸ್ಸು ಹತ್ತಿಸಿದ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಇದನ್ನು ನಾನು ಅಳುತ್ತ ಹೇಳುತ್ತಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಪುಣೆಗೆ ಬಂದೆ, ಮೂವತ್ತಕ್ಕೆ ಕೊಂಢವಾದಲ್ಲಿ ನನ್ನದೇ ಅಂಗಡಿ ಹಾಕಿದೆ. ನಾನು ಕೂಡಿಸಿದ ಬಾಗಿಲು ಬಿಚ್ಚಿಕೊಂಡಿತು ಎಂದು ಈವರೆಗೆ ಯಾರೂ ಬಂದು ಹೇಳಿಲ್ಲ.

ಓದಿನ ಮಾತು ಎತ್ತಿದ್ದಕ್ಕೆ ಕಾರಣವಿದೆ. ನಾನು ಯಾರ ಬಗ್ಗೆ ಬರೆಯಲು ಕೂತಿದ್ದೇನೋ ಅವರು ಮೊದಲ ಭೇಟಿಯಲ್ಲಿ ನನಗೆ ಕೇಳಿದ್ದೇ ಅದನ್ನು.

"ಎಷ್ಟರ ತನಕಾ ಓದೀರಿ ಮಿಸ್ತ್ರಿ?"

"ಏಳ್ರಿ. ಅದೂ ಪರೀಕ್ಷಾ ಬಿಟ್ಟು."

"ಭಾಳ ಛಲೋ ಆತು. ವ್ಯಾಕರಣದ ಹುಳಾ ಎಂಟನೇತ್ತಾದಾಗ ಹೊಗತದ. ನಿಮ್ಮ ತಲಿ ಇನ್ನೂ ಸ್ವಚ್ಛ ಅದ."

ಓದಿನ ಮಾತು ತೆಗೆದವರೆಲ್ಲ ಮೊದಲು ಅಯ್ಯೋ ಎನ್ನುತ್ತಾರೆ, ಆಮೇಲೆ ನನ್ನ ಕೆಲಸವನ್ನು ಹೊಗಳುತ್ತಾರೆ. ಛಲೋ ಆತು ಎಂದವರು ಇವರೊಬ್ಬರೇ. ಆಗಲೇ ಈ ಮನುಷ್ಯ ನನಗೆ ಹಿಡಿಸಿದರು.

ಅವರು ಧಾರವಾಡದವರು, ನಾನು ಸರ್ ಎನ್ನುತ್ತಿದ್ದೆ. ಪುಣೆಯ ಒಂದು ಕಾರಖಾನೆಯಲ್ಲಿ ಜರ್ಮನಿಯಿಂದ ಬರುವ ಮಷೀನುಗಳ ಪುಸ್ತಕಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾಗಿದ್ದರು. ಬಿಬವೇವಾಡಿಯಲ್ಲಿ ಎರಡು ಖೋಲಿಯ ಮನೆ. ನಾವು ಬಡಿಗರು ಪೆನ್ಸಿಲ್ ಸಿಕ್ಕಿಸಿಕೊಂಡಂತೆ ಕಿವಿಯ ಮೇಲೆ ಯಾವಾಗಲೂ ಒಂದು ಬಾಲ್‌ಪೆನ್ನು. ಬಸ್ಸಿನ ಟಿಕೆಟಿನ ಹಿಂದೆ, ಔಷಧಿಯ ಚೀಟಿಯ ಹಿಂದೆ, ಒಮ್ಮೆ ನನ್ನ ಅಂಗಡಿಯ ಪ್ಲೈವುಡ್ಡಿನ ಹಿಂದೆ ಕೂಡ ಏನೋ ಬರೆದುಕೊಂಡಿದ್ದರು. ಆ ಪ್ಲೈವುಡ್ಡು ಈಗ ಯಾರದೋ ಅಡಿಗೆ ಮನೆಯ ಕಪಾಟಿನ ಒಳಗಿದೆ.

ಮೊದಲ ದಿನ ಅವರು ಕೇಳಿದ್ದು ಎರಡು ನೂರು ಕಟ್ಟಿಗೆಯ ತುಂಡು. ಒಂದೊಂದೂ ಬೆರಳುದ್ದ, ಹೆಬ್ಬೆರಳಷ್ಟು ದಪ್ಪ. ಕೆಲವಕ್ಕೆ ಬಲತುದಿಯಲ್ಲಿ ತೂತು ಮಾತ್ರ. ಕೆಲವಕ್ಕೆ ಎಡತುದಿಯಲ್ಲಿ ತೂತಿಗೆ ಕೂಡುವಂಥ ಮೂಗು, ಬಲತುದಿಯಲ್ಲಿ ತೂತು.

ನನ್ನದೊಂದು ಕಟ್ಟಳೆ ಇದೆ, ಅಪ್ಪನಿಂದ ಬಂದದ್ದು. ಯಾತಕ್ಕೆ ಎಂದು ತಿಳಿಯದೆ ಕಟ್ಟಿಗೆ ಮುಟ್ಟುವುದಿಲ್ಲ. ಸ್ಟೂಲು ಬೇಕೆಂದರೆ ಯಾರು ಕೂಡುವವರು, ಎಷ್ಟು ಹೊತ್ತು ಕೂಡುವವರು ಎಂದು ಕೇಳುತ್ತೇನೆ. ಇದರಿಂದ ಗಿರಾಕಿಗಳು ಸಿಟ್ಟಾಗಿ ಹೋದದ್ದೂ ಇದೆ.

"ಯಾತಕ್ರಿ ಇವು?"

"ಭಾಷಾ ಮಾಡ್ಲಿಕ್ಕೆ."

"ಯಾವ ಭಾಷಾರಿ?"

"ಇನ್ನೂ ಹೆಸರಿಟ್ಟಿಲ್ಲ. ಕೂಸು ನಡೀಲಿ, ಆಮ್ಯಾಲೆ ಇಡೋಣಂತ."

ಆಮೇಲೆ ನಾಲ್ಕು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು, ಕಟ್ಟಿಗೆ ಹೊಟ್ಟಿನ ಚೀಲದ ಮೇಲೆ ಕೂತು, ನಾನು ರಂಧಾ ಹೊಡೆದು ಹಲಗೆ ನುಣುಪು ಮಾಡುತ್ತಿರುವಾಗ ಎಲ್ಲ ವಿವರಿಸಿದರು. ಜರ್ಮನ್, ಡಚ್, ಇಂಗ್ಲಿಷ್, ಸ್ವೀಡಿಷ್, ಡ್ಯಾನಿಷ್ ಇವೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳಂತೆ. ಬೇರೆಯಾಗಿ ಶತಮಾನಗಳಾದರೂ ಮುಖ ಹೋಲುತ್ತದೆ. ಆ ಐವರೂ ಕೇಳಿದ ಕೂಡಲೇ ತಿಳಿಯಬೇಕು, ಅಂಥ ಒಂದು ಹೊಸ ಭಾಷೆ ಕಟ್ಟಬೇಕೆಂದು ಇವರ ಹಂಬಲ. ಐದು ಪದಕೋಶಗಳನ್ನು ಪಂಚರಂತೆ ಮುಂದೆ ಕೂಡಿಸಿಕೊಂಡು ಒಂದೊಂದೇ ಮಾತಿನ ನ್ಯಾಯ ಬಿಡಿಸುತ್ತಿದ್ದರು. ಮೂವರು ಒಪ್ಪಿದರೆ ಪದ ಒಳಗೆ.

"ಹೈಡ್ ಅಂತ ಒಂದು ಬಾಲ ಅದ" ಎಂದರು ಒಂದು ದಿನ. ಪ್ರತ್ಯಯ ಎನ್ನುವ ಮಾತನ್ನು ಅವರು ನನ್ನೆದುರು ಒಂದು ಸಲ ಮಾತ್ರ ಆಡಿದರು. ನಾನು ಏನದು ಎಂದಾಗ "ಬಾಲ" ಎಂದರು. ಅಲ್ಲಿಂದ ಇಬ್ಬರಿಗೂ ಅದು ಬಾಲವೇ. "ಗುಣದ ಮಾತಿಗೆ ಹಚ್ಚಿದ್ರ ನಮ್ಮ 'ತನ' ಇದ್ದಂಗ. ಒಳ್ಳೆ, ಒಳ್ಳೆತನ. ನಾಕು ಮಂದಿ ಹೂಂ ಅಂದ್ರು. ಇಂಗ್ಲಿಷ್ ಒಬ್ಬಾಂವ ಮುಖಾ ತಿರುವಿಕೊಂಡು ಕೂತ."

"ಮುಂದ?"

"ಏನು ಮುಂದ? ನಾಕಕ್ಕ ಒಂದು. ಬಹುಮತ!"

ಹಾಗೆ ಅವರು ಇಟ್ಟುಕೊಂಡದ್ದು ಹತ್ತೊಂಬತ್ತೇ ಬಾಲ. ಒಂದು ಬಾಲಕ್ಕೆ ಒಂದೇ ಕೆಲಸ, ಎರಡನೆಯದಕ್ಕೆ ಕೈ ಹಾಕುವಂತಿಲ್ಲ. ಇದೇ ಅವರ ದೊಡ್ಡ ಹಟ. ನಮ್ಮ ಕನ್ನಡವನ್ನೂ ಬಿಡುತ್ತಿರಲಿಲ್ಲ. "ಬಳೆಗಾರ ಅಂತೀವಿ, ಮೋಸಗಾರ ಅಂತೀವಿ. ಕೈತುಂಬ ಬಳಿ ಇಡಾಂವಗೂ ಟೊಪಿಗಿ ಹಾಕಾಂವಗೂ ಒಂದೇ ಬಾಲ ಕೊಟ್ಟಾರ ನಮ್ಮ ಹಿರಿಯರು. ಇನ್ಸಾಫ್ ಏನಿದು? ಮತ್ತ ಬಾಗಿಲಾ ಮಾಡಾಂವಗ ಬಾಗಿಲುಗಾರ ಯಾಕ ಅನ್ನಂಗಿಲ್ಲ?"

"ನನಗೂ ಅದs ಸಂಕಟಾರಿ" ಎಂದೆ.

ಎಲ್ಲ ಕೇಳಿದ ಮೇಲೆ ನಾನೂ ತಲೆ ಓಡಿಸಿದೆ. ಮಾತುಗಳು ಮೂರು ಜಾತಿ: ವಸ್ತು, ಕೆಲಸ, ಗುಣ. ವಸ್ತುವಿಗೆ ಚೌಕ ತೂತು, ಕೆಲಸಕ್ಕೆ ದುಂಡು, ಗುಣಕ್ಕೆ ಮೂರುಮೂಲೆ ಎಂದು ಗೊತ್ತು ಮಾಡಿದೆವು. ಬಾಲದ ಮೂಗು ಯಾವ ಆಕಾರವೋ ಆ ತೂತಿನ ಮಾತಿಗಷ್ಟೇ ಅದು ಕೂಡುತ್ತದೆ. 'ಎರ್' ಎಂಬ ಬಾಲ ಮಾಡುವವನನ್ನು ಹೇಳುವುದು. ಅದರ ಮೂಗು ದುಂಡು, ಕೆಲಸದ ಮಾತಿಗೆ ಮಾತ್ರ ಹೋಗುತ್ತದೆ. 'ಲೋಸ್' ಅಂದರೆ ಇಲ್ಲದ್ದು. ಅದರ ಮೂಗು ಚೌಕ, ತೂತು ಮೂರುಮೂಲೆ. 'ಹೋಲ್ಟ್' ಅಂದರೆ ಕಟ್ಟಿಗೆ. ಹೋಲ್ಟಿಗೆ ಲೋಸ್ ಸಿಕ್ಕಿಸಿ ಅದಕ್ಕೆ ಹೈಡ್ ಸಿಕ್ಕಿಸಿದರೆ ಹೋಲ್ಟ್‌ಲೋಸ್‌ಹೈಡ್. ಕಟ್ಟಿಗೆ ಇಲ್ಲದಿರುವ ಸ್ಥಿತಿ. ನನ್ನ ಅಂಗಡಿಗೆ ಪ್ರತಿ ದೀಪಾವಳಿಯ ಮುಂದೆ ಬರುವಂಥದ್ದು. ತಪ್ಪು ಮಾತು ಕಟ್ಟಲು ಹೋದರೆ ಕಟ್ಟಿಗೆಯೇ ಬೇಡ ಎನ್ನಬೇಕು, ಮನುಷ್ಯ ಹೇಳಬಾರದು. ಹೀಗಿತ್ತು ಲೆಕ್ಕ.

ಒಂದು ವಿಷಯದಲ್ಲಿ ನಾನು ಅವರಿಗೆ ಪಾಠ ಹೇಳಿದೆ, ಅದನ್ನು ಬರೆಯಲೇಬೇಕು. ಎಲ್ಲ ತುಂಡೂ ಸಾಗವಾನಿಯವೇ ಇರಲಿ ಎಂದಿದ್ದರು. ನಾನು ಆಗುವುದಿಲ್ಲ ಎಂದೆ. "ಮಾತು ನೂರಾ ಎಂಬತ್ತೊಂದು ಅದಾವ್ರಿ, ಬಾಲ ಹತ್ತೊಂಬತ್ತು. ಒಂದು ಮಾತು ದಿನಕ್ಕೊಮ್ಮಿ ಕೈಗೆ ಬಂದ್ರ, ಬಾಲ ಹತ್ತು ಸಲ ಬರ್ತೈತಿ. ಸವೆಯೂದು ಅದು. ಬಾಲಕ್ಕ ಗಟ್ಟಿ ಕಟ್ಟಿಗಿ, ಶೀಸಮ್ ಹಾಕೂಣ್ರಿ."

ಅವರು ಕಿವಿಯ ಪೆನ್ನು ತೆಗೆದರು, ಬರೆಯಲಿಲ್ಲ. "ಇಪ್ಪತ್ತೆರಡು ವರ್ಷ ಆತು ಮಿಸ್ತ್ರಿ, ಇದನ್ನ ಹಚ್ಚಿಕೊಂಡು. ಬಾಲ ಸವೀತಾವ ಅಂತ ನನಗ ಹೊಳೀಲಿಲ್ಲ ನೋಡ್ರಿ."

ತುಂಡುಗಳನ್ನು, ಒಂದೊಂದರ ಮೇಲೂ ಅದರ ಮಾತು ಕೊರೆದು, ಏಪ್ರಿಲಿನಲ್ಲಿ ಮುಗಿಸಿದೆ. ಒಳಗೆ ಹೋದರೆ ಟಕ್ ಎನ್ನಬೇಕು, ಅಲ್ಲಾಡಬಾರದು, ಹಾಗೆ ಮಾಡಿದೆ. ಅವರು ಮೊದಲ ತುಂಡು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿ, ಆ ಟಕ್ ಶಬ್ದವನ್ನು ಕಣ್ಣು ಮುಚ್ಚಿ ಕೇಳಿದರು.

ತುಂಡುಗಳ ಪೆಟ್ಟಿಗೆ ಕೊಡಲು ಬಿಬವೇವಾಡಿಯ ಮನೆಗೆ ಹೋದಾಗ ಅವರ ಹೆಂಡತಿಯನ್ನು ಮೊದಲ ಸಲ ನೋಡಿದೆ. ಚಿಕ್ಕಮ್ಮ ಎನ್ನುವಂತೆ ಕಾಕು ಎಂದು ಕರೆದೆ, ಹಾಗೇ ಉಳಿಯಿತು. ಸಣ್ಣ ದೇಹ, ದೊಡ್ಡ ದನಿ.

"ಬರ್ರಿ ಬರ್ರಿ. ನೀವs ಏನು ಬಾಲಾ ಮಾಡಿಕೊಟ್ಟಾವರು? ಹನುಮಪ್ಪಗ ಒಂದು ಸಾಕಿತ್ತು, ನಮ್ಮನಿಯವರಿಗೆ ಹತ್ತೊಂಬತ್ತು ಬೇಕಾತು."

"ಕೇಳ್ರಿ ಮಿಸ್ತ್ರಿ, ಕೇಳ್ರಿ" ಎಂದರು ಸರ್. "ಜಗತ್ತಿನಾಗ ನನ್ನ ಭಾಷಾದ ಮೊದಲನೇ ಟೀಕಾಕಾರರು ಇವರು."

"ಮೊದಲನೇದಾಕಿ ಅಲ್ಲ, ಒಬ್ಬಾಕಿನೇ. ಮಾತಾಡಾವರೂ ಒಬ್ಬರೇ, ಬೈಯಾಕಿನೂ ಒಬ್ಬಾಕಿನೇ. ಜನಗಣತಿ ಮುಗೀತು."

ಅವರ ಮಲಗುವ ಖೋಲಿಯಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಕಾಕು ಅದರ ಬಾಗಿಲು ತೆರೆದು ತೋರಿಸಿದರು. ಮೇಲಿಂದ ಕೆಳತನಕ ಬಿಸ್ಕಿಟಿನ ಡಬ್ಬಿ, ಚಪ್ಪಲಿಯ ಡಬ್ಬಿ, ಎಲ್ಲದರ ತುಂಬ ಕಾರ್ಡು. ಒಂದು ಕಾರ್ಡಿಗೆ ಒಂದು ಪದ. ಹನ್ನೊಂದು ಸಾವಿರ ಎಂದು ಸರ್ ಹೆಮ್ಮೆಯಿಂದ ಹೇಳಿದರು. ಕಾಕುವಿನ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿ. ಪ್ರತಿ ಸಲ ಸೀರೆ ಬೇಕಾದಾಗ ಅವರು ನೆಲಕ್ಕೆ ಮೊಣಕಾಲು ಊರಿ, ಟ್ರಂಕು ಎಳೆದು, ಸೀರೆ ತೆಗೆದು, ಮತ್ತೆ ದೂಡಿ, ಮಂಚದ ಅಂಚು ಹಿಡಿದು ಏಳಬೇಕು. ಮೊಣಕಾಲು ಆಗಲೇ ಕೈ ಕೊಟ್ಟಿದ್ದವು.

ಆ ದಿನವೇ ನನ್ನೆದುರಿಗೇ ಒಪ್ಪಂದ ಆಯಿತು. ಪುಣೆಯಲ್ಲಿ ಜರ್ಮನ್ ಕಲಿಯುವವರು, ಕಲಿಸುವವರು ಬಹಳ. ಅಂಥವರ ಒಂದು ಸಣ್ಣ ಕೂಟ ಜುಲೈ ತಿಂಗಳ ಒಂದು ಭಾನುವಾರ ಇವರನ್ನು ಕರೆದಿತ್ತು, ನಿಮ್ಮ ಭಾಷೆ ತೋರಿಸಿ ಎಂದು.

"ಹೋಗ್ರಿ, ತೋರಸ್ರಿ" ಎಂದರು ಕಾಕು. "ಆದರ ಅಲ್ಲಿ ಒಬ್ಬರಾದ್ರೂ, ನಿಮ್ಮ ಕಾರ್ಡಿನಾಗ ಇಲ್ಲದ್ದೊಂದು ಹೊಸಾ ಮಾತು ತಾವಾಗಿ ಕಟ್ಟಬೇಕು. ಅದು ನಿಮಗ ಕೇಳಲಾರದs ತಿಳೀಬೇಕು. ಹಂಗಾತು, ಕಪಾಟು ನಿಮ್ಮದು, ಸಾಯೂತನಕಾ ಕೇಳಂಗಿಲ್ಲ. ಆಗಲಿಲ್ಲ, ನಾಗರ ಪಂಚಮಿಯೊಳಗ ಕಾರ್ಡೆಲ್ಲಾ ರದ್ದಿಗೆ. ಮಿಸ್ತ್ರಿ ಸಾಕ್ಷಿ."

ನಗುತ್ತಲೇ ಹೇಳಿದರು, ಆದರೆ ಅದು ನಗೆಯ ಮಾತಾಗಿರಲಿಲ್ಲ. ಸರ್ ಕೂಡ ಅದನ್ನು ಅರಿತರು. ಕಪಾಟಿನ ಕಡೆ ನೋಡಿ, "ನ್ಯಾಯ ಅದ" ಎಂದರು. "ಇಬ್ಬರು ಇರಲಾರದ ಭಾಷಾ ಅಂದ್ರ ಅದು ಬರೇ ಗೊಣಗಾಟ."

ಆ ಭಾನುವಾರ ನಾನೂ ಹೋದೆ, ಇಸ್ತ್ರಿ ಅಂಗಿ ಹಾಕಿಕೊಂಡು. ಇಪ್ಪತ್ತೈದು ಮಂದಿ ಇದ್ದರು. ಎಂಟು ದಿನದಿಂದ ಮಳೆ ಹಿಡಿದಿತ್ತು. ಸರ್ ಟೈ ಕಟ್ಟಿ, ಕಾರ್ಡಿನ ಡಬ್ಬಿಗಳನ್ನೂ ತಂದಿದ್ದರು, ಕಾಕು ಮೊದಲ ಸಾಲಿನಲ್ಲಿ ಕೂತಿದ್ದರು. ಮಾತು ಮರಾಠಿಯಲ್ಲಿ ಶುರು ಮಾಡಿ, ಪಂಚರ ಕಥೆ ಹೇಳಿ, ಎಲ್ಲರನ್ನೂ ನಗಿಸಿ, ಪೆಟ್ಟಿಗೆ ತೆರೆದರು. "ಈಗ ನೋಡಿ, ತಪ್ಪು ಮಾತು ಕೂಡುವುದೇ ಇಲ್ಲ" ಎನ್ನುತ್ತ ಒಂದು ಸರಿಯಾದ ಮಾತನ್ನು ಕೂಡಿಸಲು ಹೋದರು.

ಕೂಡಲಿಲ್ಲ.

ಇನ್ನೊಂದು ತೆಗೆದರು. ಅದೂ ಕೂಡಲಿಲ್ಲ. ಜರ್ಮನ್ ಕಲಿಸುವ ಶಿಕ್ಷಕಿಯೊಬ್ಬರು ಎದ್ದು ಬಂದು ಪ್ರಯತ್ನಿಸಿದರು. ಕಂಪ್ಯೂಟರ್ ಕೆಲಸದ ಒಬ್ಬ ತರುಣ ತುಂಡನ್ನು ಮೇಜಿಗೆ ಬಡಿದ. ನಾನು ಹಿಂದಿನ ಸಾಲಿನಲ್ಲಿ ಕೂತಲ್ಲೇ ಬೆವತೆ. ಏಪ್ರಿಲಿನ ಒಣ ಗಾಳಿಯಲ್ಲಿ ಕೂದಲೂ ಹೋಗದಷ್ಟು ಬಿಗಿ ಮಾಡಿದ್ದೆ. ಎಂಟು ದಿನದ ಮಳೆಗೆ ಮೂಗುಗಳೆಲ್ಲ ಉಬ್ಬಿದ್ದವು. ಬಾಗಿಲು ಮಾಡುವಾಗ ಮಳೆಗಾಲಕ್ಕೆಂದು ಸಂದು ಬಿಡುವುದು ಕೂಸಿಗೂ ಗೊತ್ತು. ಆ ಟಕ್ ಶಬ್ದದ ಆಸೆಗೆ ನಾನು ಅದನ್ನು ಮರೆತಿದ್ದೆ. ನನ್ನ ಕೈಯ ಕೆಲಸಕ್ಕೆ ತಪ್ಪು ಎಂಬುದು ಬಂದದ್ದು ಆ ದಿನ, ಇಪ್ಪತ್ತೈದು ಜನರೆದುರು, ಅದೂ ಇನ್ನೊಬ್ಬರ ಇಪ್ಪತ್ತೆರಡು ವರ್ಷದ ದುಡಿಮೆ ತಕ್ಕಡಿಯಲ್ಲಿದ್ದಾಗ.

ಎದ್ದು ನಿಂತು ಹೇಳಿದೆ. "ಸರ್, ತಪ್ಪು ನಂದೈತ್ರಿ. ಎರಡು ತಾಸು ಕೊಡ್ರಿ, ಅಂಗಡಿಗೆ ಒಯ್ದು ಉಜ್ಜಿ ತರ್ತೀನಿ."

ಅವರು ನನ್ನ ಕಡೆ ಕೈ ಎತ್ತಿದರು, ಕೂಡ್ರಿ ಎನ್ನುವಂತೆ. ಸಭೆಗೆ ಮರಾಠಿಯಲ್ಲಿ, "ಗಾಬರಿಯಾಗಬೇಡಿ. ಹುಟ್ಟಿದ ಮೇಲೆ ಇದು ಈ ಭಾಷೆಯ ಮೊದಲ ಮಳೆಗಾಲ. ಸ್ವಲ್ಪ ನೆಗಡಿ" ಎಂದರು. ಮಂದಿ ಚಪ್ಪಾಳೆ ಹೊಡೆದರು. "ಸಿಕ್ಕಿಸಬೇಡಿ. ಬರೀ ಒಂದರ ಪಕ್ಕ ಒಂದು ಇಡಿ. ಹೊಸ ಮಾತು ಕಟ್ಟಿ."

ಮಂದಿ ಮೇಜಿಗೆ ಮುತ್ತಿದರು. ಒಬ್ಬರಾದ ಮೇಲೆ ಒಬ್ಬರು ಕಟ್ಟತೊಡಗಿದರು. 'ಕುಡಿಯಲಿಕ್ಕೆ ಬರುವಂಥದ್ದು' ಎಂದು ಒಬ್ಬ ಇಟ್ಟ. ಅವರು ಡಬ್ಬಿಯಲ್ಲಿ ಬೆರಳಾಡಿಸಿ ಕಾರ್ಡು ತೆಗೆದರು. ಇತ್ತು. 'ನಿದ್ದೆ ಇಲ್ಲದಿರುವಿಕೆ.' ಅದೂ ಇತ್ತು. 'ಸಣ್ಣ ರೊಟ್ಟಿ ಅಂಗಡಿ' ಎಂದು ಆ ಶಿಕ್ಷಕಿ ಬಹಳ ಯೋಚಿಸಿ ಕಟ್ಟಿದರು. ಅದಕ್ಕೆ ಎರಡು ಕಾರ್ಡು ಇದ್ದವು. ಅರ್ಧ ತಾಸು ಹೀಗೇ ನಡೆಯಿತು. ಮೊದಮೊದಲು ಕಾರ್ಡು ಸಿಕ್ಕಾಗ ಅವರ ಮುಖ ಅರಳುತ್ತಿತ್ತು. ಹೋಗುತ್ತ ಹೋಗುತ್ತ ಬಾಡಿತು. ಮನುಷ್ಯ ಅಷ್ಟು ದುಡಿದಿದ್ದರು. ಬುದ್ಧಿವಂತರಿಗೆ ಹೊಳೆಯಬಹುದಾದ ಮಾತನ್ನೆಲ್ಲ ಅವರೇ ಮೊದಲು ಕಟ್ಟಿ ಡಬ್ಬಿಗೆ ಹಾಕಿಬಿಟ್ಟಿದ್ದರು. ದುಡಿಮೆಯೇ ಒಬ್ಬನನ್ನು ಸೋಲಿಸುವುದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

ಮಂದಿ ಒಬ್ಬೊಬ್ಬರಾಗಿ ಚಹಾದ ಕಡೆ ಸರಿದರು. ಅವರು ಡಬ್ಬಿಗಳ ಮುಚ್ಚಳ ಹಾಕತೊಡಗಿದರು, ನಿಧಾನಕ್ಕೆ, ಒಂದೊಂದನ್ನೂ ಒತ್ತಿ ಒತ್ತಿ. ಆಗ ಮೊದಲ ಸಾಲಿನಿಂದ ಕಾಕು ಎದ್ದರು. ಎದ್ದದ್ದು ಎಂದಿನಂತೆಯೇ, ಮುಂದಿನ ಮೇಜು ಹಿಡಿದು, ಒಮ್ಮೆ "ಅವ್ವಾ" ಎಂದು.

"ತಡೀರಿ, ಎಲ್ಲಿ ಓಡ್ತೀರಿ. ನಾನೂ ಒಂದು ಇಡ್ತೇನಿ."

ತುಂಡುಗಳನ್ನು ಕೆದಕಿ ಒಂದು ತೆಗೆದಿಟ್ಟರು. ಕ್ನೀ. ಅಂದರೆ ಮೊಣಕಾಲು. ಐವರು ಪಂಚರೂ ಒಂದೇ ಬಾಯಲ್ಲಿ ಒಪ್ಪಿದ ಕೆಲವೇ ಮಾತುಗಳಲ್ಲಿ ಒಂದು. ಅದರ ಪಕ್ಕ ಒಂದು ಶೀಸಮ್ಮಿನ ತುಂಡು, ಮಾಡುವವರ ಬಾಲ. ಎರ್.

ಆ ಶಿಕ್ಷಕಿ ಚಹಾದ ಕಪ್ಪು ಹಿಡಿದುಕೊಂಡೇ ಬಗ್ಗಿ ನೋಡಿ, "ಕಾಕೂ, ಇದು ಸರಿಯಲ್ಲ. ಎರ್ ಕೆಲಸದ ಮಾತಿಗೆ ಹತ್ತುತ್ತದೆ. ಮೊಣಕಾಲು ವಸ್ತು ಅಲ್ಲವೇ?" ಎಂದು ಮರಾಠಿಯಲ್ಲಿ ಹೇಳಿದರು. ನಿಜವೇ. ಮಳೆ ಇಲ್ಲದೆ ಕಟ್ಟಿಗೆ ನೆಟ್ಟಗಿದ್ದಿದ್ದರೆ ಆ ದುಂಡು ಮೂಗು ಆ ಚೌಕ ತೂತಿನ ಹತ್ತಿರ ಹೋಗುತ್ತಲೇ ಇರಲಿಲ್ಲ.

ಸರ್ ಕೈಯ ಮುಚ್ಚಳ ಕೆಳಗಿಟ್ಟರು. ಆ ಎರಡು ತುಂಡು ನೋಡಿದರು. ಆಮೇಲೆ ಕಾಕುವನ್ನು ನೋಡಿದರು. ಇಪ್ಪತ್ತೆರಡು ವರ್ಷ ದಿನಾ ಮಂಚದ ಕೆಳಗಿಂದ ಟ್ರಂಕು ಎಳೆದದ್ದನ್ನೆಲ್ಲ ಒಂದೇ ಸಲ ನೋಡಿದಂತೆ ನೋಡಿದರು. ಡಬ್ಬಿಗೆ ಕೈ ಹಾಕಲಿಲ್ಲ.

"ಇದು ಕಾರ್ಡಿನಾಗ ಇಲ್ಲ" ಎಂದರು ಕಡೆಗೆ.

"ತಿಳೀತೇನು?"

"ತಿಳೀತು."

"ಕೇಳಲಾರದs?"

"ಕೇಳಲಾರದs ತಿಳೀತು. ತಪ್ಪು ಅದ, ಆದರ ಪೂರಾ ತಿಳೀತು."

ಆಮೇಲೆ ಅವರು ಬಗ್ಗಿ, ಇನ್ನೊಂದು ಮೂರು ತುಂಡು ಹುಡುಕಿ ಕಾಕುವಿನ ಮುಂದೆ ಇಟ್ಟರು. ವರ್ಷಗಟ್ಟಲೆ ಕೇಳಿ ಕಲಿತಿದ್ದ ಕಾಕು ಓದಿ, "ಹಾಂ, ಈಗ ಬಂದೀರಿ ಹಾದಿಗೆ" ಎಂದು ಮತ್ತೆರಡು ಇಟ್ಟರು. ಅವರು ಒಂದು. ಕಾಕು ಒಂದು. ಮಾತೆಲ್ಲ ತುಂಡಿನಲ್ಲೇ. ಸುತ್ತ ನಿಂತವರು ಚಹಾ ಬಿಟ್ಟು ನೋಡುತ್ತಿದ್ದರು. ನೋಡಿದವರಿಗೆಲ್ಲ ಅದು ಗಂಡ ಹೆಂಡಿರ ಜಗಳ ಎಂದು ಗೊತ್ತಾಗುತ್ತಿತ್ತು. ಒಳ್ಳೆಯ ಜಗಳ, ಮುಗಿಯುವ ಕಡೆಗೆ ಹೊರಟ ಜಗಳ.

ಹೊರಗೆ ರಿಕ್ಷಾ ಕಾಯುವಾಗ ನಾನು ಕೇಳಿದೆ. "ಕಾಕು, ಬೇಕಂತs ಸೋತ್ರೇನು?"

"ಸೋಲಬೇಕಂತ ಇಟ್ಟಿಲ್ಲಪಾ, ಬೈಬೇಕಂತ ಇಟ್ಟೆ" ಎಂದರು. "ಕನ್ನಡದಾಗ ಬೈದು ಬೈದು ಸಾಕಾಗಿತ್ತು. ಕೇಳೇ ಕೇಳ್ತಿದ್ದಿಲ್ಲ ಆ ಮನಷ್ಯಾ."

ಒಪ್ಪಂದದ ಪ್ರಕಾರ ಕಪಾಟು ಸರ್ ಅವರದೇ ಆಯಿತು. ಮಾರನೇ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವ ಮುಂಚೆಯೇ ಅವರು ಬಂದು ನಿಂತಿದ್ದರು, ಕೊಡೆ ಹಿಡಿದು, ಕೈಯಲ್ಲಿ ಗೋಡೆಯ ಅಳತೆ ಬರೆದ ಚೀಟಿ. ಎದುರುಖೋಲಿಯಲ್ಲಿ ಬಾಗಿಲ ಮೇಲಿಂದ ಛತ್ತಿನತನಕ ಕಾರ್ಡಿಗೆ ಒಂದು ಗೂಡು ಬೇಕು, ಪಂಚಮಿಯೊಳಗೆ.

"ಗೆದ್ದೀರಲ್ರಿ ಸರ್, ಕಪಾಟು ಯಾಕ ಬಿಡ್ತೀರಿ?"

"ಆ ಮಾತು ನನಗ ತಿಳೀತು ಮಿಸ್ತ್ರಿ. ತಿಳಿದ ಮ್ಯಾಲೆ ಸುಮ್ಮನ ಕೂತ್ರ, ತಿಳಿದಂಗ ಏನು ಆತು?"

ಆರು ದಿನದಲ್ಲಿ ಮಾಡಿಕೊಟ್ಟೆ. ಈ ಸಲ ಸಂದು ಬಿಟ್ಟೆ. ಕಾರ್ಡು ತೆಗೆಯಲು ಅವರು ಸ್ಟೂಲು ಹತ್ತಬೇಕಾಯಿತು, ಕಾಕು ಕಪಾಟಿನ ಮುಂದೆ ನೆಟ್ಟಗೆ ನಿಂತು ಸೀರೆ ಆರಿಸಿದರು. ಸ್ಟೂಲು ಮಾಡುವಾಗ ಯಾರು ಹತ್ತುವವರು ಎಂದು ನಾನು ಕೇಳಲಿಲ್ಲ.

ತುಂಡುಗಳನ್ನೂ ಉಜ್ಜಿ ಸರಿ ಮಾಡಿದೆ. "ಎರ್ ಮಾತ್ರ ನೀವು ಮನಸ್ಸಿಗೆ ಬಂದಂಗ ತೆಳ್ಳಗ ಮಾಡ್ರಿ" ಎಂದರು. "ಅದು ಯಾವ ತೂತಿನಾಗ ಬೇಕಾದ್ರೂ ಹೋಗಲಿ. ಮಂದಿ ಎಲ್ಲಿ ಏನು ಮಾಡ್ತಾರ ಯಾರಿಗ್ಗೊತ್ತು." ಒಂದು ಬಾಲಕ್ಕೆ ಒಂದೇ ಕೆಲಸ ಎಂದವರು ಇವರೇನಾ ಎಂದು ನಾನು ಮುಖ ನೋಡಿದೆ. ಅವರು ನೋಡದವರಂತೆ ಹೊಟ್ಟಿನ ಚೀಲ ಸರಿ ಮಾಡಿಕೊಂಡು ಕೂತರು.

ಆಮೇಲೆ ಆರು ವರ್ಷ ಇದ್ದರು. ಅಂಗಡಿಗೆ ಬಂದಾಗಲೆಲ್ಲ ನನಗೊಂದು ಮಾತು ಕಲಿಸುತ್ತಿದ್ದರು, ನಾನು ಅದಕ್ಕೊಂದು ಬಾಲ ಹಚ್ಚಿ ಕೊಡಬೇಕು. ನನ್ನ ಗರಗಸದ ಮಷೀನಿಗೆ, ಬೆಲೆ ಕೇಳಿ ಕೊಳ್ಳದೆ ಹೋಗುವ ಗಿರಾಕಿಗೆ, ಮಧ್ಯಾಹ್ನದ ಊಟದ ಮೇಲಿನ ಜೊಂಪಿಗೆ, ಎಲ್ಲದಕ್ಕೂ ಹೆಸರು ಕಟ್ಟಿದೆ. ಕೆಲವು ತಪ್ಪೆಂದು ತಲೆ ಅಲ್ಲಾಡಿಸಿದರು, ಆದರೂ ಕಾರ್ಡು ಬರೆದುಕೊಂಡರು. ಹೋದ ವರ್ಷ ಸಂಕ್ರಾಂತಿಯಾದ ವಾರ, ಎಳ್ಳು ಬೆಲ್ಲ ತಿಂದ ಬಾಯಲ್ಲೇ, ಕುರ್ಚಿಯಲ್ಲಿ ಕೂತಲ್ಲೇ ಹೋದರು. ಪೆನ್ನು ಕಿವಿಯ ಮೇಲೇ ಇತ್ತಂತೆ. ಭಾಷೆಗೆ ಹೆಸರಿಡಲಿಲ್ಲ.

ತಿಂಗಳಿಗೊಮ್ಮೆ ಬಿಬವೇವಾಡಿಗೆ ಹೋಗುತ್ತೇನೆ. ಕಾಕು ಚಹಾ ಮಾಡುತ್ತಾರೆ. ಸ್ವಲ್ಪ ಹೊತ್ತು ಕನ್ನಡ, ಆಮೇಲೆ ಆ ಹೆಸರಿಲ್ಲದ್ದು.

ನನಗೀಗ ಐವತ್ತೆರಡು ವರ್ಷ. ಕೊಂಢವಾದಲ್ಲಿ ಅಂಗಡಿ ಒಂದು, ಮಷೀನು ಮೂರು, ಕೈಕೆಳಗೆ ಐದು ಜನ. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಎಂಟನೇತ್ತೆ ದಾಟಿದ್ದಾರೆ. ಸರ್ ಅವರ ಭಾಷೆಯಲ್ಲಿ ನನಗೆ ಬರುವ ಮಾತು ನೂರಾ ಹದಿನಾಲ್ಕು. ಅದರಲ್ಲಿ ನಾನೇ ಕಟ್ಟಿದವು ಇಪ್ಪತ್ತಮೂರು. ಮಾತಾಡಲು ಒಬ್ಬರಿದ್ದಾರೆ.